ದರ್ಜಿಯ ಎಡಗಾಲಿನಲ್ಲಿದ್ದ ಸ್ಥಿರಾಸ್ತಿ

ಯಾವ ಮದ್ದಿಗೂ ಜಗ್ಗದ ರೋಗಾಣುಗಳ ಉನ್ನತ ಅಧ್ಯಯನ ಸಂಸ್ಥೆಯ ಸ್ಥಿರಾಸ್ತಿಗಳ ಪೈಕಿ ಅತ್ಯಂತ ಮೌಲ್ಯಯುತವಾದದ್ದು ನಾಲ್ಕನೇ ವಾರ್ಡಿನ ಕಿಟಕಿ ಪಕ್ಕದ ಮಂಚದ ಮೇಲೆ, ಒಬ್ಬ ದರ್ಜಿಯ ಎಡಗಾಲಿನೊಳಗೆ ಇತ್ತು. ಇದು ದಾಖಲಾದ ಸಂಗತಿ. ದಾಖಲು ಮಾಡಿದವನು ನಾನೇ, ಸದರಿ ಸಂಸ್ಥೆಯ ಉಗ್ರಾಣಾಧಿಕಾರಿ. ಹೊರಗಿನ ಜನ ಈಚೆಗೆ ನಮ್ಮ ಬಗ್ಗೆ ಬಾಯಿಗೆ ಬಂದಂತೆ ಮಾತಾಡುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಒಂದು ಸಲ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನ ತಲೆ ತಿನ್ನಬಾರದು.

ನಮ್ಮ ಸಂಸ್ಥೆಗೆ ಅನುದಾನ ಬರುವುದು ಹೆಸರಿನಲ್ಲಿ ಹೇಳಿರುವ ಕೆಲಸಕ್ಕೆ. ಯಾವ ಮದ್ದಿಗೂ ಜಗ್ಗದ ರೋಗಾಣುವನ್ನು ಇಟ್ಟುಕೊಂಡು ಅಧ್ಯಯನ ಮಾಡಬೇಕು. ಕಟ್ಟಡ ಎದ್ದಿತು, ಸೂಕ್ಷ್ಮದರ್ಶಕಗಳು ಬಂದವು, ನಿರ್ದೇಶಕರಿಗೆ ತಿರುಗುವ ಕುರ್ಚಿ ಬಂತು, ಗೇಟಿಗೆ ಕಾವಲುಗಾರ ಬಂದ. ಬಾರದೆ ಉಳಿದದ್ದು ರೋಗಾಣು ಒಂದೇ. ಬಂದ ರೋಗಾಣುಗಳೆಲ್ಲ ಯಾವುದೋ ಒಂದು ಮದ್ದಿಗೆ ಸತ್ತುಹೋಗುತ್ತಿದ್ದವು. ರೋಗಿಗಳು ಗುಣವಾಗಿ, ಕೈಮುಗಿದು, ಮನೆಗೆ ಹೊರಟುಬಿಡುತ್ತಿದ್ದರು. ಹೀಗೆ ಎಷ್ಟು ದಿನ ಅಂತ ನಡೆಯುತ್ತದೆ? ಮೇಲಿನವರಿಂದ ವಿವರಣೆ ಕೇಳಿ ಪತ್ರದ ಮೇಲೆ ಪತ್ರ. ಪಾಪ, ನಿರ್ದೇಶಕರ ಮುಖ ನೋಡಲಾಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ದರ್ಜಿ ಬಂದ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದವನು. ಕತ್ತರಿ ಕೈಜಾರಿ ಎಡಪಾದದ ಮೇಲೆ ಬಿದ್ದಿತ್ತು. ಗಾಯ ಸಣ್ಣದೇ. ಆದರೆ ಅವನು ಮೂಲೆಯ ಔಷಧಿ ಅಂಗಡಿಯಲ್ಲಿ ಕೇಳಿ ಕೆಂಪು ಮಾತ್ರೆ ನುಂಗಿದ, ಊತ ಇಳಿದ ಕೂಡಲೇ ನಿಲ್ಲಿಸಿದ. ಮತ್ತೆ ಊದಿತು. ಅಂಗಡಿಯವನು ಹಳದಿ ಮಾತ್ರೆ ಕೊಟ್ಟ, ಅದನ್ನೂ ಅರ್ಧಕ್ಕೆ ಬಿಟ್ಟ. ಆಮೇಲೆ ಪಕ್ಕದ ಮನೆಯವರು ಕೆಮ್ಮಿಗೆ ತಂದು ಉಳಿಸಿದ್ದು, ನಾದಿನಿ ಹಲ್ಲುನೋವಿಗೆ ತಂದು ಮರೆತದ್ದು, ಎಲ್ಲವೂ ಹೊಟ್ಟೆಗೆ ಹೋಯಿತು. ಕಾಲಿನೊಳಗಿನ ರೋಗಾಣು ಒಂದೊಂದು ಮದ್ದಿನ ರುಚಿಯನ್ನೂ ಅಷ್ಟಷ್ಟೇ ನೋಡಿ, ಕೊನೆಗೆ ಯಾವುದಕ್ಕೂ ಕ್ಯಾರೇ ಅನ್ನದ ಹಂತಕ್ಕೆ ಬಂದಿತ್ತು.

ವಾರ್ಡಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ಕಂಗಾಲಾಗಿ ನಿರ್ದೇಶಕರ ಕೋಣೆಗೆ ಓಡಿಬಂದರು.

"ಸರ್, ನಮ್ಮಲ್ಲಿರೋ ಮದ್ದು ಒಂದನ್ನೂ ಬಿಡದೆ ಹಾಕಿ ನೋಡ್ದೆ. ಸಾಯ್ತಾನೇ ಇಲ್ಲ."

ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. "ಯಾವುದಕ್ಕೂ?"

"ಯಾವುದಕ್ಕೂ ಸರ್."

"ನಿಮ್ ಬಾಯಿಗೆ ಸಕ್ಕರೆ ಹಾಕ!" ಎಂದರು ನಿರ್ದೇಶಕರು. ಅವರ ಕಣ್ಣಲ್ಲಿ ನೀರಿತ್ತು. ನಾನೂ ಅಲ್ಲೇ ಇದ್ದೆ, ನನ್ನ ಕರವಸ್ತ್ರ ತೆಗೆದುಕೊಟ್ಟೆ.

ಮರುದಿನವೇ ತೊಡಕು ಶುರುವಾಯಿತು. ಅನುದಾನದಿಂದ ದೊರೆತ ಪ್ರತಿಯೊಂದು ವಸ್ತುವನ್ನೂ ಆಸ್ತಿಪಟ್ಟಿಗೆ ಸೇರಿಸಿ, ಅದರ ಮೇಲೆ ಸಂಖ್ಯೆ ಬರೆಯತಕ್ಕದ್ದು ಎಂಬುದು ನಿಯಮ. ಫ್ಯಾನು, ಬಕೆಟ್ಟು, ಕಸದ ಬುಟ್ಟಿ, ಯಾವುದಕ್ಕೂ ವಿನಾಯಿತಿ ಇಲ್ಲ. ಕಚೇರಿಯ ಗೋಡೆ ಗಡಿಯಾರಕ್ಕೆ ನಾನೇ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದಿದ್ದೇನೆ, ಆವತ್ತಿನಿಂದ ಮುಳ್ಳು ಕಾಣುವುದಿಲ್ಲ, ಆದರೆ ಗಡಿಯಾರ ಕಳುವಾಗಿಲ್ಲ. ಈಗ ಪ್ರಶ್ನೆ ಎದ್ದದ್ದು ರೋಗಾಣು ಚರಾಸ್ತಿಯೋ ಸ್ಥಿರಾಸ್ತಿಯೋ ಎಂದು. ಲೆಕ್ಕಪತ್ರ ವಿಭಾಗದವರು ಚರಾಸ್ತಿ ಎಂದು ವಾದಿಸಿದರು. ಏನು ಮಾಡಿದರೂ ಜಗ್ಗುವುದಿಲ್ಲ ಎಂದು ಡಾಕ್ಟರಮ್ಮನೇ ಬರೆದುಕೊಟ್ಟಿದ್ದರಲ್ಲ, ಅದನ್ನು ತೋರಿಸಿ ಸ್ಥಿರಾಸ್ತಿ ಎಂದು ನಾನು ಗೆದ್ದೆ. ಈ ಸಂಸ್ಥೆಯಲ್ಲಿ ನನ್ನ ಮಾತು ನಡೆದ ಅಪರೂಪದ ಸಂದರ್ಭ ಅದು.

ಬಣ್ಣದ ಡಬ್ಬಿ, ಕುಂಚ ಹಿಡಿದು ವಾರ್ಡಿಗೆ ಹೋದೆ. ಬ್ಯಾಂಡೇಜಿನ ಮೇಲೆ ಬರೆದರೆ ದಿನಾ ಬದಲಾಗುತ್ತದೆ, ಉಪಯೋಗವಿಲ್ಲ. ಆದ್ದರಿಂದ ಮೊಣಕಾಲಿನ ಕೆಳಗೆ, ಚರ್ಮ ಚೆನ್ನಾಗಿದ್ದ ಕಡೆ ಬರೆಯತೊಡಗಿದೆ.

"ಇದೇನ್ ಸ್ವಾಮಿ?" ಎಂದ ದರ್ಜಿ.

"ನಂಬರು."

"ನನ್ ಕಾಲಿಗಾ?"

"ನಿಮ್ಮ ಕಾಲಿಗ್ಯಾಕ್ರೀ ನಂಬರು? ಒಳಗಿರೋದಕ್ಕೆ. ಅದು ಕಣ್ಣಿಗೆ ಕಾಣಲ್ಲ, ಅದರ ಮೇಲೆ ಬರೆಯೋಕಾಗಲ್ಲ. ಅದಕ್ಕೇ ಹೊರಗೆ."

"ಹಾಗಾದ್ರೆ ಸರಿ ಬಿಡಿ. ಒಂಚೂರು ಎಡಕ್ಕೆ ತಗೊಳ್ಳಿ, ಸಾಲು ಸೊಟ್ಟ ಹೋಗ್ತಿದೆ."

ಒಳ್ಳೆಯ ಮನುಷ್ಯ. ಅಳತೆಯ ಬಗ್ಗೆ ಕಣ್ಣಿದ್ದವನು. ಅವನಿಗಿದ್ದದ್ದು ಒಂದೇ ಚಿಂತೆ, ಕಾಲು ಗುಣವಾಗಿ ಮತ್ತೆ ಯಂತ್ರದ ಮುಂದೆ ಕೂರಬೇಕು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅವನ ಹೆಂಡತಿ ಮಾತ್ರ ನನ್ನನ್ನು ಕೆಕ್ಕರಿಸಿಕೊಂಡು ನೋಡುತ್ತಿದ್ದಳು. ಆ ಹೆಂಗಸಿಗೆ ಮೊದಲಿನಿಂದಲೂ ನಿಯಮಗಳ ಬಗ್ಗೆ ಗೌರವ ಕಡಿಮೆ.

ಅದೇ ವಾರ ಈ ಕೆಳಗಿನ ಪ್ರಕಟಣೆಯನ್ನು ವಾರ್ಡಿನ ಬಾಗಿಲಿಗೆ ಅಂಟಿಸಲಾಯಿತು:

"ಎಲ್ಲರ ಗಮನಕ್ಕೆ. ದರ್ಜಿಯ ಎಡಗಾಲನ್ನು ಇನ್ನು ಮುಂದೆ 'ಆವರಣ' ಎಂದು ಕರೆಯತಕ್ಕದ್ದು. ದರ್ಜಿಯು ಆವರಣವನ್ನು ಕೆರೆಯತಕ್ಕದ್ದಲ್ಲ. ಆವರಣವು ಸಂಸ್ಥೆಯ ಗೇಟು ದಾಟತಕ್ಕದ್ದಲ್ಲ. ಆವರಣದೊಂದಿಗೆ ಜೋಡಣೆಗೊಂಡಿರುವ ಉಳಿದ ಭಾಗಗಳು ಗೇಟು ದಾಟಲು ಅಭ್ಯಂತರವಿರುವುದಿಲ್ಲ."

ಕೊನೆಯ ವಾಕ್ಯ ನಾನೇ ಹಟ ಹಿಡಿದು ಸೇರಿಸಿದ್ದು. ಮನುಷ್ಯತ್ವ ಅನ್ನುವುದು ಒಂದಿರುತ್ತದಲ್ಲ.

ಯಾಕೆ, ರೋಗಾಣುವನ್ನು ಗಾಜಿನ ತಟ್ಟೆಯಲ್ಲಿ ಸಾಕಿಕೊಂಡು ಕಾಲನ್ನು ಬಿಟ್ಟುಬಿಡಬಹುದಿತ್ತಲ್ಲ ಎಂದು ಬುದ್ಧಿವಂತರು ಕೇಳುತ್ತಾರೆ. ಮಾಡಿ ನೋಡಿದೆವು. ತಟ್ಟೆಯಲ್ಲಿ ತಿಂದುಂಡು ಸುಖವಾಗಿ ಬೆಳೆದ ರೋಗಾಣು ಕೆಲವೇ ದಿನಗಳಲ್ಲಿ ಹಟ ಬಿಟ್ಟಿತು, ಎಲ್ಲಕ್ಕಿಂತ ಅಗ್ಗದ ಮಾತ್ರೆಗೂ ಸತ್ತಿತು. ಮದ್ದಿನ ಕಾಟ ಇಲ್ಲದಿದ್ದರೆ ಅದಕ್ಕೆ ಹಟ ಹಿಡಿಯುವ ದರ್ದು ಏನಿದೆ? ಆದ್ದರಿಂದ ನಿರ್ದೇಶಕರು ಒಂದು ಆದೇಶ ಹೊರಡಿಸಿದರು. ದರ್ಜಿಗೆ ಪ್ರತಿದಿನ ಎಲ್ಲ ಬಗೆಯ ಮದ್ದುಗಳನ್ನೂ ಚೂರುಚೂರು ಕೊಡಬೇಕು, ಯಾವುದನ್ನೂ ಪೂರ್ತಿ ಕೊಡಬಾರದು. ಇದಕ್ಕೆ 'ಪೋಷಣಾ ಪ್ರಮಾಣ' ಎಂದು ಹೆಸರು.

"ಸರ್, ಇದು ತಪ್ಪು. ರೋಗಾಣುಗೆ ನಾವೇ ಪಾಠ ಹೇಳಿಕೊಟ್ಟ ಹಾಗಾಗುತ್ತೆ," ಎಂದರು ಡಾಕ್ಟರಮ್ಮ.

"ಇದು ಶಿಕ್ಷಣ ಸಂಸ್ಥೆಯೂ ಹೌದಮ್ಮಾ," ಎಂದರು ನಿರ್ದೇಶಕರು.

ಆಮೇಲೆ ನಮ್ಮ ಸಂಸ್ಥೆಯ ದೆಸೆಯೇ ತಿರುಗಿತು. ವಿಚಾರ ಸಂಕಿರಣಗಳಾದವು. ಬಂದವರಿಗೆಲ್ಲ ಚರ್ಮದ ಚೀಲ, ಪೆನ್ನು, ಆವರಣದ ಬಣ್ಣದ ಚಿತ್ರ. ಮಾತ್ರೆ ಮಾಡುವ ಕಂಪನಿಯವರು ಊಟದ ಖರ್ಚು ವಹಿಸಿಕೊಂಡರು, ಅವರ ಮಾತ್ರೆಗಳು ಕೆಲಸ ಮಾಡುವುದಿಲ್ಲ ಎಂಬ ವಿಷಯವನ್ನು ಅವರೇ ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಕೇಳಿದರು, ಯಾಕೆಂದರೆ ಪೋಷಣಾ ಪ್ರಮಾಣಕ್ಕೆ ಮಾತ್ರೆ ಸರಬರಾಜು ಅವರದೇ. ನಿರ್ದೇಶಕರು ವಿಮಾನ ಹತ್ತಿ ದೂರದೂರದ ದೇಶಗಳಿಗೆ ಹೋಗಿ ದರ್ಜಿಯ ಕಾಲಿನ ಬಗ್ಗೆ ಭಾಷಣ ಮಾಡಿಬಂದರು. ದರ್ಜಿಗೂ ಏನೂ ಕಡಿಮೆ ಮಾಡಲಿಲ್ಲ. ಗಣ್ಯರು ಬಂದಾಗಲೆಲ್ಲ ಹೊಸ ಬೆಡ್‌ಶೀಟು ಹಾಸಿಸುತ್ತಿದ್ದೆ, ಅವರು ಹೋದ ಮೇಲೆ ಮಡಿಸಿ ವಾಪಸು ತೆಗೆದುಕೊಳ್ಳುತ್ತಿದ್ದೆ.

ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಮೇಲಿನ ಮಹಡಿಯವರು ಕೆಲಸ ಕೆಡಿಸಿದರು.

ಮೇಲಿನ ಮಹಡಿಯಲ್ಲಿ ನಮ್ಮದೇ ಸಂಸ್ಥೆಯ ಹೊಸ ಮದ್ದಿನ ವಿಭಾಗ ಇದೆ. ಅವರು ಏನೂ ಕಂಡುಹಿಡಿಯುವುದಿಲ್ಲ ಎಂಬ ನಂಬಿಕೆಯಿಂದ ಯಾರೂ ಅತ್ತ ತಲೆ ಹಾಕುತ್ತಿರಲಿಲ್ಲ. ಒಂದು ದಿನ ಅವರು ಒಂದು ಹೊಸ ಮದ್ದು ಮಾಡಿ, ದರ್ಜಿಯ ಕಾಲಿನಿಂದ ಆಗಷ್ಟೇ ತೆಗೆದ ಕೀವಿನ ಮೇಲೆ ಹಾಕಿದ್ದಾರೆ. ಬೆಳಗ್ಗೆ ನೋಡಿದರೆ ರೋಗಾಣುವಿನ ಸುಳಿವೇ ಇಲ್ಲ. ಪ್ರಾಣಿಗಳ ಮೇಲೆ ನೋಡಿದ್ದಾಯಿತು, ಆರೋಗ್ಯವಂತರ ಮೇಲೆ ನೋಡಿದ್ದಾಯಿತು, ರೋಗಿಗಳಿಗೆ ಕೊಡಲು ಪರವಾನಗಿಯೂ ಬಂತು. ಡಾಕ್ಟರಮ್ಮ ಮೆಟ್ಟಿಲು ಇಳಿದು ಬಂದ ರಭಸಕ್ಕೆ ಎಲ್ಲಿ ಬಿದ್ದುಬಿಡುತ್ತಾರೋ ಅನ್ನಿಸಿತು.

"ಬದುಕಿದೆವು ಕಣಮ್ಮಾ! ಕಾಲು ಉಳಿಯುತ್ತೆ!" ಎಂದು ದರ್ಜಿಯ ಹೆಂಡತಿಯ ಕೈ ಹಿಡಿದು ಹೇಳಿಯೂ ಬಿಟ್ಟರು. ಅನುಮತಿ ಇಲ್ಲದೆ. ಗಂಡ ಹೆಂಡತಿ ಇಬ್ಬರೂ ಅತ್ತರು. ದರ್ಜಿ ಮಂಚದ ಮೇಲೆಯೇ ಕಾಲನ್ನು ಯಂತ್ರ ತುಳಿಯುವ ಹಾಗೆ ಆಡಿಸಿ ನೋಡಿಕೊಂಡನಂತೆ. ಪ್ರಕಟಣೆಯಲ್ಲಿ ಕೆರೆಯಬಾರದು ಅಂತ ಇತ್ತೇ ಹೊರತು ಆಡಿಸಬಾರದು ಅಂತ ಇರಲಿಲ್ಲ, ಆದ್ದರಿಂದ ನನ್ನಿಂದ ನೋಟೀಸು ಕೊಡಲಾಗಲಿಲ್ಲ.

ನಿರ್ದೇಶಕರ ಮುಖ ಮಾತ್ರ ಬಿಳಿಚಿತು. ತುರ್ತು ಸಭೆ ಕರೆದರು. ಅವರು ಹೇಳಿದ್ದರಲ್ಲಿ ಹುರುಳಿತ್ತು. ನಮ್ಮದು ಯಾವ ಮದ್ದಿಗೂ ಜಗ್ಗದ ರೋಗಾಣುವಿನ ಸಂಸ್ಥೆ. ಈ ರೋಗಾಣು ಒಂದು ಮದ್ದಿಗೆ ಜಗ್ಗಿದರೆ ಅದು ಯಾವ ಮದ್ದಿಗೂ ಜಗ್ಗದ ರೋಗಾಣು ಅಲ್ಲ. ಅಲ್ಲದಿದ್ದರೆ ಅನುದಾನ ಇಲ್ಲ. ಅನುದಾನ ಇಲ್ಲದಿದ್ದರೆ ಮೇಲಿನ ಮಹಡಿಯೂ ಇಲ್ಲ. ಮೇಲಿನ ಮಹಡಿ ಇಲ್ಲದಿದ್ದರೆ ಮದ್ದೂ ಇಲ್ಲ. ಆದ್ದರಿಂದ ಆ ಮದ್ದನ್ನು ಉಳಿಸಿಕೊಳ್ಳಬೇಕಾದರೆ ಅದನ್ನು ಬಳಸಕೂಡದು. ಮೇಲಿನ ಮಹಡಿಯವರೂ ಯೋಚಿಸಿ ನೋಡಿ ಹೌದು ಎಂದರು. ಮದ್ದಿಗೂ ಒಂದು ಆಸ್ತಿಸಂಖ್ಯೆ ಕೊಟ್ಟು, ತಂಪುಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದರು.

ಮರುದಿನ ದರ್ಜಿಯ ಹೆಂಡತಿ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಸಾಹೇಬ್ರೇ, ಮದ್ದು ಇದೆಯಂತೆ. ಕೊಡಿ."

"ಕೊಡೋ ಹಾಗಿಲ್ಲಮ್ಮ. ಕೊಟ್ರೆ ಸಂಸ್ಥೆಯ ಆಸ್ತಿ ನಾಶ ಆಗುತ್ತೆ. ನಾಶ ಮಾಡಬೇಕಾದ್ರೆ ಅದು ಕೆಲಸಕ್ಕೆ ಬಾರದ್ದು ಅಂತ ಗುಜರಿ ಸಮಿತಿ ಬರೆದುಕೊಡಬೇಕು. ಅದು ನೋಡಿದ್ರೆ ಇಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ."

"ನನ್ ಗಂಡನ ಕಾಲ್ರೀ ಅದು! ಅದರ ಮೇಲೆ ನಿಮ್ಮದೇನ್ರೀ ಹಕ್ಕು?"

"ಕಾಲು ನಿಮ್ಮದೇ ತಾಯಿ. ಯಾರು ಇಲ್ಲ ಅಂದೋರು? ಒಳಗಿರೋದು ನಮ್ಮದು."

"ಹಾಗಾದ್ರೆ ನಿಮ್ಮದನ್ನ ನೀವು ಎತ್ಕೊಂಡು ಹೋಗಿ! ಬಾಡಿಗೆಗೆ ಕೊಟ್ಟಿಲ್ಲ ನಾವು!" ಎಂದು ಅವಳು ಕೂಗಾಡಿದಳು. ನನ್ನನ್ನು ಕಟುಕ ಅಂದಳು. ನಿಮ್ಮ ಮನೆ ಹಾಳಾಗ ಅಂದಳು. ಇಡೀ ಕಚೇರಿ ಫೈಲಿನಿಂದ ತಲೆ ಎತ್ತಿ ನೋಡಿತು. ನಾನೇನು ಕಲ್ಲೆದೆಯವನಲ್ಲ, ನನಗೂ ಬೇಜಾರಾಯಿತು. ಆದರೆ ಕೀಲಿ ಕೊಟ್ಟಿದ್ದರೆ ನನ್ನ ಪಿಂಚಣಿಯ ಗತಿ ಏನು? ಅದನ್ನು ಅವಳು ಯೋಚಿಸಲಿಲ್ಲ. ಜನ ತಮ್ಮದನ್ನೇ ನೋಡಿಕೊಳ್ಳುತ್ತಾರೆ.

ಅಷ್ಟರಲ್ಲಿ ರೋಗಾಣು ಶಿಸ್ತು ಮೀರಿತು. ಮೊಣಕಾಲು ದಾಟಿ ಮೇಲಕ್ಕೆ ಹೊರಟಿತು. ಲೆಕ್ಕಪತ್ರ ವಿಭಾಗದವರು ಬೇಕೆಂದೇ ನನ್ನ ಕೋಣೆಗೆ ಬಂದು, "ಏನ್ರೀ, ಸ್ಥಿರಾಸ್ತಿ ನಡೆದಾಡ್ತಿದೆಯಂತಲ್ಲ" ಎಂದು ಹಲ್ಲು ಕಿಸಿದರು. ಸ್ಥಳಾಂತರದ ಆದೇಶವಿಲ್ಲದೆ ಆಸ್ತಿ ಜಾಗ ಬದಲಿಸುವುದು ಗಂಭೀರ ವಿಷಯ. ಅದರ ಮೇಲೆ ದರ್ಜಿಗೆ ಜ್ವರ ಏರಿತು. ಮತ್ತೆ ತುರ್ತು ಸಭೆ ಸೇರಿತು, ಡಾಕ್ಟರಮ್ಮ ಕರೆಯದೆಯೇ ಒಳಗೆ ನುಗ್ಗಿದರು.

"ಹೊಸ ಮದ್ದು ಕೊಡಿ, ಇಲ್ಲಾಂದ್ರೆ ಕಾಲು ತೆಗೀಬೇಕಾಗುತ್ತೆ. ಎರಡೂ ಮಾಡದಿದ್ರೆ ಮನುಷ್ಯ ಸಾಯ್ತಾನೆ," ಎಂದರು.

ಎಲ್ಲರೂ ನಿರ್ದೇಶಕರ ಕಡೆ ನೋಡಿದರು. ಆಮೇಲೆ ನಿರ್ದೇಶಕರ ಮುಖ ಅರಳಿತು.

"ನೋಡಿದ್ರಾ, ಡಾಕ್ಟರಮ್ಮನೇ ದಾರಿ ತೋರ್ಸಿದ್ರು! ಇಷ್ಟು ದಿನ ಇದ್ದ ತಕರಾರು ಏನು? ಕಾಲು ಅವರದು, ಒಳಗಿರೋದು ನಮ್ಮದು, ಅವರು ಮನೆಗೆ ಹೋಗಬೇಕು, ಇದು ಇಲ್ಲೇ ಇರಬೇಕು. ಪಾಲು ಮಾಡಿಬಿಟ್ರೆ ಮುಗೀತು."

"ಸರ್, ಬೀಗ ತೆಗೆದ್ರೆ ಕಾಲು ಉಳಿಯುತ್ತೆ. ಬರೀ ಒಂದು ಬೀಗ ಸರ್," ಎಂದರು ಡಾಕ್ಟರಮ್ಮ.

ಅವರ ಭಿನ್ನಾಭಿಪ್ರಾಯವನ್ನು ಸಭೆಯು ಮೆಚ್ಚುಗೆಯೊಂದಿಗೆ ನಡಾವಳಿಯಲ್ಲಿ ದಾಖಲಿಸಿಕೊಂಡಿತು. ಕಾಲು ತೆಗೆಯುವ ಕೆಲಸ ಮರುದಿನ ಬೆಳಗ್ಗೆ ಆಯಿತು. ಒಳಗೆ ಕರೆದುಕೊಂಡು ಹೋಗುವಾಗ ದರ್ಜಿ ನನ್ನ ಕೈ ಹಿಡಿದು, "ಸ್ವಾಮಿ, ಯಂತ್ರಕ್ಕೆ ಎರಡೂ ಕಾಲು ಬೇಕು. ಒಂದರಲ್ಲಿ ತುಳಿದ್ರೆ ಚಕ್ರ ಹಿಂದಕ್ಕೆ ತಿರುಗಿ ದಾರ ಕಿತ್ತುಹೋಗುತ್ತೆ" ಎಂದ. ದೂರಿನ ಧ್ವನಿಯಲ್ಲಲ್ಲ, ನನಗೆ ತಿಳಿದಿರಲಿ ಎಂಬ ಹಾಗೆ. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಸಂಜೆ ಹೊತ್ತಿಗೆ ಸರಿಹೋಯಿತು.

ಅವನು ಮನೆಗೆ ಹೊರಟ ದಿನ ಗೇಟಿನ ಕಾವಲುಗಾರ ತಡೆದ. ಒಳಬಂದಾಗ ಇದ್ದ ಸಾಮಾನಿಗೂ ಹೊರಹೋಗುವಾಗಿನ ಸಾಮಾನಿಗೂ ತಾಳೆಯಾಗುತ್ತಿಲ್ಲ ಎಂದು ಅವನ ಆಕ್ಷೇಪ. ಕರ್ತವ್ಯನಿಷ್ಠ. ನಾನೇ ಹೋಗಿ, ಕೊರತೆಯು ಸಂಸ್ಥೆಯ ಗಮನದಲ್ಲಿದೆ ಎಂದು ಬರೆದುಕೊಟ್ಟ ಮೇಲೆ ಬಿಟ್ಟ. ದರ್ಜಿಯ ಹೆಂಡತಿ ಆ ಚೀಟಿಯನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಆವತ್ತು ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅಂತ ಈಗಲೂ ಅನ್ನಿಸುತ್ತದೆ.

ಕಾಲನ್ನು ಶೀತಲ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಪ್ರತಿಷ್ಠಾಪಿಸಲಾಯಿತು. ನಿರ್ದೇಶಕರು ರಿಬ್ಬನ್ ಕತ್ತರಿಸಿದರು. ಆದರೆ ಆ ಕೃತಘ್ನ ರೋಗಾಣು ತಟ್ಟೆಯಲ್ಲಿ ಮಾಡಿದ ಹಾಗೆಯೇ ಇಲ್ಲೂ ಮಾಡಿತು. ರಕ್ತ ಓಡದ ಕಾಲಿಗೆ ಪೋಷಣಾ ಪ್ರಮಾಣ ಕೊಡುವುದಾದರೂ ಹೇಗೆ? ಅದರ ಹಟ ಇಳಿಯಿತು, ಕೆಂಪು ಮಾತ್ರೆಯ ಹೆಸರು ಕೇಳಿದರೇ ಸಾಯುವ ಸ್ಥಿತಿಗೆ ಬಂತು. ಅನುದಾನ ಮುಂದುವರಿಸುವ ತನಿಖಾ ತಂಡ ಬರುವುದರಲ್ಲಿತ್ತು. ಇದ್ದುದರಲ್ಲಿ ಬದುಕಿದ್ದ ರೋಗಾಣುವನ್ನು ಒಂದು ಜೀವಂತ ಕಾಲಿಗೆ ಸೇರಿಸಿ, ಮತ್ತೆ ಮೊದಲಿನಿಂದ ತರಬೇತಿ ಕೊಡುವುದೊಂದೇ ದಾರಿ. ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟೆವು:

"ಕಾಲು ಬೇಕಾಗಿದೆ. ಸಂಸ್ಥೆಯ ಅಮೂಲ್ಯ ಆಸ್ತಿಯನ್ನು ಇರಿಸಲು ಸುಸ್ಥಿತಿಯಲ್ಲಿರುವ ಜೀವಂತ ಕಾಲು. ಎಡ ಅಥವಾ ಬಲ. ಆಯ್ಕೆಯಾದ ಕಾಲಿಗೆ ಮಾಸಿಕ ಭತ್ಯೆ. ಕಾಲಿನ ಮಾಲೀಕರಿಗೆ ಹಾಸಿಗೆ, ಎರಡು ಹೊತ್ತಿನ ಊಟ. ಅಭ್ಯರ್ಥಿಗಳು ಮದ್ದನ್ನು ಅರ್ಧಕ್ಕೆ ನಿಲ್ಲಿಸುವ ಅಭ್ಯಾಸವುಳ್ಳವರಾಗಿರತಕ್ಕದ್ದು. ಪೂರ್ವಾನುಭವ ಇದ್ದವರಿಗೆ ಆದ್ಯತೆ. ಶಿಫಾರಸು ತಂದವರನ್ನು ಅನರ್ಹಗೊಳಿಸಲಾಗುವುದು."

ಯಾರೂ ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಬೆಳಗ್ಗೆ ಗೇಟು ತೆಗೆದರೆ ಸಾಲು ಬೀದಿಯ ತಿರುವು ದಾಟಿತ್ತು. ಶಿಕ್ಷಕರು, ಗುಮಾಸ್ತರು, ವಕೀಲರೊಬ್ಬರು, ಮೂಲೆಯ ಔಷಧಿ ಅಂಗಡಿಯವನು ಸ್ವತಃ. ಅರ್ಹತೆಯ ವಿಷಯದಲ್ಲಿ ಒಬ್ಬರನ್ನೂ ತಳ್ಳಿಹಾಕುವಂತಿರಲಿಲ್ಲ, ಮದ್ದನ್ನು ಪೂರ್ತಿ ನುಂಗಿದವನು ಆ ಸಾಲಿನಲ್ಲಿ ಒಬ್ಬನೂ ಇರಲಿಲ್ಲ. ಅರ್ಧಕ್ಕರ್ಧ ಜನ ಶಿಫಾರಸು ತಂದಿದ್ದರು, ಅದರಲ್ಲಿ ಕೆಲವು ನಿರ್ದೇಶಕರದೇ ಆಗಿದ್ದವು.

ಊರುಗೋಲಿನ ಸದ್ದು ಕೇಳಿ ತಲೆ ಎತ್ತಿದೆ. ದರ್ಜಿ, ಅವನ ಹಿಂದೆ ಹೆಂಡತಿ.

ಸಂದರ್ಶನ ಸಮಿತಿಯಲ್ಲಿ ನಿರ್ದೇಶಕರು, ನಾನು, ಡಾಕ್ಟರಮ್ಮ ಇದ್ದೆವು. ಡಾಕ್ಟರಮ್ಮ ಅವನನ್ನು ನೋಡಿ ಪೆನ್ನು ಕೆಳಗಿಟ್ಟರು.

"ನೀವ್ಯಾಕೆ ಬಂದ್ರಿ? ಮನೆಗೆ ಹೋಗಿ. ದಯವಿಟ್ಟು ಹೋಗಿ," ಎಂದರು.

"ಮನೇಲಿ ಏನ್ ಮಾಡ್ಲಿ ಡಾಕ್ಟ್ರಮ್ಮ? ಯಂತ್ರ ಮಾರಿದ್ದಾಯ್ತು," ಎಂದ ದರ್ಜಿ. "ಈ ಬಲಗಾಲು ಒಂದೇ ಇಟ್ಕೊಂಡು ಏನೂ ಉಪಯೋಗ ಇಲ್ಲ. ಇಲ್ಲಿದ್ರೆ ಸಂಬಳನಾದ್ರೂ ತರುತ್ತೆ."

"ನೋವು ಹೇಗಿರುತ್ತೆ ಅಂತ ಗೊತ್ತಲ್ವಾ ನಿಮಗೆ?"

"ಗೊತ್ತು. ಅದಕ್ಕೇ ಹೇಳ್ತಿರೋದು. ಹೊಸಬರಿಗೆ ತಡ್ಕೊಳೋಕಾಗಲ್ಲ, ಪಾಪ."

ಆಗ ಅವನ ಹೆಂಡತಿ ಮುಂದೆ ಬಂದಳು. ಕೂಗಾಡುತ್ತಾಳೆ ಎಂದು ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ. ಅವಳು ಕೂಗಲಿಲ್ಲ.

"ಸಾಹೇಬ್ರೇ, ಪೂರ್ವಾನುಭವ ಇರೋರು ಈ ಸಾಲಲ್ಲಿ ಇವರೊಬ್ಬರೇ. ಆವರಣ ಕೆರೆಯಲ್ಲ. ಗೇಟು ದಾಟಲ್ಲ. ಪೋಷಣಾ ಪ್ರಮಾಣ ಅಭ್ಯಾಸ ಇದೆ. ನಿಯಮದ ಪ್ರಕಾರ ಆದ್ಯತೆ ನಮಗೇ ಸಿಗಬೇಕು," ಎಂದಳು.

ನನಗೆ ಹೆಮ್ಮೆಯಾಯಿತು ಎಂದರೆ ತಪ್ಪಾಗಲಾರದು. ಇಷ್ಟು ಕಡಿಮೆ ಸಮಯದಲ್ಲಿ ಇಷ್ಟು ಶುದ್ಧವಾಗಿ ಕಚೇರಿಯ ಭಾಷೆ ಕಲಿತವರನ್ನು ನಾನು ನೋಡಿಲ್ಲ. ನಿರ್ದೇಶಕರು ತಲೆದೂಗಿ ಸಹಿ ಹಾಕಿದರು. ನಾನೂ ಹಾಕಿದೆ. ಡಾಕ್ಟರಮ್ಮ ಬಹಳ ಹೊತ್ತು ಕಿಟಕಿಯಾಚೆ ಆ ಸಾಲನ್ನು ನೋಡುತ್ತ ಕೂತಿದ್ದರು. ಆಮೇಲೆ ಅವರೂ ಪೆನ್ನು ಎತ್ತಿಕೊಂಡರು.

ತನಿಖಾ ತಂಡ ಬರುವ ಹೊತ್ತಿಗೆ ಬಲಗಾಲು ಚೆನ್ನಾಗಿ ಊದಿಕೊಂಡಿತ್ತು, ಅನುದಾನ ಮುಂದುವರಿಯಿತು. ದರ್ಜಿ ಅದೇ ವಾರ್ಡಿನಲ್ಲಿ, ಅದೇ ಮಂಚದ ಮೇಲೆ ಇದ್ದಾನೆ. ಭತ್ಯೆ ತಿಂಗಳ ಮೊದಲ ದಿನವೇ ಅವನ ಹೆಂಡತಿಯ ಕೈ ಸೇರುತ್ತದೆ, ಆ ವಿಷಯದಲ್ಲಿ ಯಾರೂ ನಮ್ಮ ಕಡೆ ಬೆರಳು ಮಾಡುವಂತಿಲ್ಲ. ಮೊನ್ನೆ ಬೆಡ್‌ಶೀಟು ಬದಲಿಸಲು ಹೋಗಿದ್ದಾಗ ಅವನು ನನ್ನನ್ನು ಹತ್ತಿರ ಕರೆದ. ಜ್ವರದಿಂದ ಮುಖ ಕೆಂಪಾಗಿತ್ತು. ಹೆಂಡತಿ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತಿದ್ದಳು.

"ಸ್ವಾಮಿ, ಒಂದು ಮಾತು. ಆ ಮೇಲಿನ ಮಹಡಿಯವರ ಮದ್ದು ಇತ್ತಲ್ಲ, ಈಗಲೂ ಇದೆಯಾ?"

"ಇದೆ. ಯಾಕೆ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವನ ತುಟಿ ಒಣಗಿತ್ತು. ಅವಳೇ ಮೆಲ್ಲಗೆ ಕೇಳಿದಳು.

"ಯಾರೂ ತಂದು ಇವರಿಗೆ ಕೊಟ್ಟುಬಿಡಲ್ಲ ತಾನೇ ಸಾಹೇಬ್ರೇ? ಗುಣವಾಗಿಬಿಟ್ರೆ ನಾವು ಊಟಕ್ಕೆ ಎಲ್ಲಿಗೆ ಹೋಗೋಣ?"

ಅಂಥದ್ದೇನೂ ಆಗುವುದಿಲ್ಲ, ನಾನಿರುವವರೆಗೆ ಹೆದರಬೇಡಿ ಎಂದು ಧೈರ್ಯ ಹೇಳಿದೆ. ಇಬ್ಬರೂ ಕೈಮುಗಿದರು.